ಗೆರೆಯಿಲ್ಲದ ಹೆಬ್ಬೆಟ್ಟು

ಮೂರನೇ ಸಲವೂ ಹೊನ್ನೂರಪ್ಪನ ಹೆಬ್ಬೆಟ್ಟು ಬರೀ ಮಸಿಯ ಮಚ್ಚೆಯಾಗಿಯೇ ಮೂಡಿತು.

ಕೃಷ್ಣಾಬಾಯಿ ಅರ್ಜಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆಯಿಲ್ಲ, ಸುಳಿಯಿಲ್ಲ. ಇಂಕ್ ಪ್ಯಾಡಿಗೆ ನೀರು ಹೆಚ್ಚಾಗಿರಬೇಕು ಎಂದುಕೊಂಡು ತನ್ನ ಹೆಬ್ಬೆರಳನ್ನೇ ಹಾಳೆಯ ಅಂಚಿಗೆ ಒತ್ತಿದಳು. ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು.

"ಅದು ಬರಂಗಿಲ್ರಿ ಅಕ್ಕೋರ," ಎಂದ ಜೈಲಿನ ಗೇಟು ಕಾಯುವ ಹುಸೇನಪ್ಪ, ಬಾಗಿಲಿಗೆ ಒರಗಿಕೊಂಡೇ. "ಅದಿರು ಒಡಿಯೋರ ಕೈಯಾಗ ಏನೂ ಉಳಿದಿರಂಗಿಲ್ಲ. ನಮ್ಮ ಷಡ್ಡಕ ರೇಷನ್ ಕಾರ್ಡಿನ ಮಷೀನ್ ಮ್ಯಾಲೆ ಬೆರಳಿಟ್ರ, ಇಂಥ ಮನಷ್ಯಾನ ಇಲ್ಲ ಅಂತು ಅದು. ಎದುರಿಗೆ ಕುಂತಾನ, ಇಲ್ಲ ಅಂತೈತಿ."

ಸಾಲಿನಲ್ಲಿ ಕುಳಿತಿದ್ದ ಕೈದಿಗಳು ನಕ್ಕರು. ಹೊನ್ನೂರಪ್ಪ ನಗಲಿಲ್ಲ. ಮಸಿ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ನೆಲ ನೋಡಿದ.

ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೃಷ್ಣಾಬಾಯಿ ಹೊಸಪೇಟೆಯ ಈ ಸಬ್‌ಜೈಲಿಗೆ ಬರುತ್ತಿದ್ದಳು. ವಕೀಲೆಯಲ್ಲ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಹನ್ನೆರಡು ವರ್ಷ ಟೈಪ್ ಮಾಡಿ, ಕಾಗದ ಓದುವುದನ್ನು ಕಲಿತವಳು. ಈಗ ಕಾನೂನು ನೆರವಿನ ಕೆಲಸ. ವಕೀಲರಿಲ್ಲದವರ ಅರ್ಜಿ ಬರೆಯುವುದು, ವಾಯಿದೆಯ ದಿನ ತಿಳಿಸುವುದು, ಯಾರ ಜಾಮೀನು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು. ಮನೆಯಿಂದ ಹೊರಡುವಾಗ ಚಿಲಕವನ್ನು ಮೂರು ಸಲ ಎಳೆದು ನೋಡುವ ಹೆಂಗಸು ಕೊಲೆ ಆರೋಪಿಗಳ ಮಧ್ಯೆ ಹೇಗೆ ಕೂರುತ್ತಾಳೆ ಎಂದು, ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿಗೆ ಓಡುತ್ತಲೇ ಗಂಡ ಕೇಳುತ್ತಿದ್ದ. ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಹೊನ್ನೂರಪ್ಪನ ಮೇಲಿದ್ದದ್ದು ಕೊಲೆಯ ಆರೋಪ. ಸಂಡೂರು ರಸ್ತೆಯಲ್ಲಿ ಜನ ಹಳದಿ ಗೇಟಿನ ಪ್ಲಾಟ್ ಎಂದು ಕರೆಯುವ ಅದಿರು ದಾಸ್ತಾನಿನ ಜಾಗದಲ್ಲಿ, ಪರ್ಮಿಟ್ ಇಲ್ಲದ ಲಾರಿಗಳನ್ನು ತೂಗುವುದಿಲ್ಲ ಎಂದು ಹಟ ಹಿಡಿದಿದ್ದ ವೇಬ್ರಿಡ್ಜ್ ಆಪರೇಟರ್ ಮುರುಗೇಶ್ ತಲೆ ಒಡೆದು ಸತ್ತಿದ್ದ. ಅವನ ಜೊತೆ ಹಿಂದಿನ ವಾರ ಜಗಳವಾಡಿದ್ದನೆಂದು ಹೊನ್ನೂರಪ್ಪನನ್ನು ಹಿಡಿದು ತಂದಿದ್ದರು. ಕಣ್ಣಾರೆ ಕಂಡವರಿಲ್ಲ. ಇದ್ದದ್ದು ಒಂದು ಸುತ್ತಿಗೆ.

ಕೃಷ್ಣಾಬಾಯಿ ಚೀಲದಿಂದ ಚಾರ್ಜ್‌ಶೀಟಿನ ಪ್ರತಿ ತೆಗೆದಳು. ಸುತ್ತಿಗೆಯ ಮಹಜರು ಹದಿನೇಳನೇ ಪುಟದಲ್ಲಿತ್ತು. 'ಆರೋಪಿಯು ಪಂಚರ ಸಮಕ್ಷಮ ತಾನಾಗಿ ಮುಂದೆ ನಡೆದು, ಟೀ ಅಂಗಡಿಯ ಹಿಂದಿನ ನೀರಿನ ಡ್ರಮ್ಮಿನೊಳಗಿಂದ ಸುತ್ತಿಗೆ ತೆಗೆದು ಹಾಜರುಪಡಿಸಿದ್ದು.' ಇಬ್ಬರು ಪಂಚರ ಸಹಿ. ಅದರ ಕೆಳಗೆ, 'ಹೊನ್ನೂರಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು.'

ಆ ಗುರುತಿನಲ್ಲಿ ಗೆರೆಗಳಿದ್ದವು. ಜೆರಾಕ್ಸಿನಲ್ಲೂ ಕಾಣುವಷ್ಟು ಸಣ್ಣ, ಒತ್ತೊತ್ತಾದ ಗೆರೆಗಳು.

ಅವಳು ಪುಟವನ್ನು ತಕ್ಷಣ ಮುಚ್ಚಿದಳು. ಹುಸೇನಪ್ಪ ನೋಡುತ್ತಿದ್ದಾನೆಯೇ ಎಂದು ಒಮ್ಮೆ ತಿರುಗಿದಳು. ಅವನು ಯಾರಿಗೋ ಸಾಲಿನಲ್ಲಿ ಸರಿಯಾಗಿ ಕೂರಲು ಹೇಳುತ್ತಿದ್ದ.

"ಹೊನ್ನೂರಪ್ಪ," ಎಂದಳು ತಗ್ಗಿದ ದನಿಯಲ್ಲಿ. "ಈ ಹೆಬ್ಬೆಟ್ಟು ನಿಂದಲ್ಲ."

ಅವನು ಹಾಳೆಯತ್ತ ನೋಡಲೇ ಇಲ್ಲ. "ನಂದ ಐತ್ರಿ."

"ನೀ ಎಂಟು ವರ್ಷದಿಂದ ಹೊಲದಾಗಿನ ಅದಿರು ಆರಿಸಿ ಒಡೀತಿ. ಈಗ ನಾನೇ ಮೂರು ಸಲ ಒತ್ತಿಸಿ ನೋಡೀನಿ."

"ಆಗ ಬಂದಿತ್ತರಿ. ಈಗ ಬರವಲ್ದು."

ಎಂಬತ್ತು ದಿನ ಜೈಲಿನಲ್ಲಿ ಕುಳಿತು ಯಾರ ಕೈಯೂ ಸವೆಯುವುದಿಲ್ಲ ಎಂದು ಅವಳು ಹೇಳಲಿಲ್ಲ. ಅವನ ಮುಖವನ್ನೇ ನೋಡುತ್ತ ಕುಳಿತಳು. ಸುಳ್ಳು ಹೇಳುವವರನ್ನು ಅವಳು ಇಲ್ಲಿ ಬೇಕಾದಷ್ಟು ಕಂಡಿದ್ದಳು. ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದರು. ತನ್ನನ್ನೇ ಸಿಕ್ಕಿಸಿಕೊಳ್ಳಲು ಸುಳ್ಳು ಹೇಳುವವನು ಇವನೊಬ್ಬ.

ಕೊನೆಗೆ ಅವನೇ ಬಾಯಿ ಬಿಟ್ಟ. "ಅದನ್ನ ಕೆದಕಬ್ಯಾಡ್ರಿ ಅಕ್ಕೋರ. ನಾ ಒಳಗಿದ್ರ ಅಕಿ ಹೊರಗ ಇರತಾಳ."

ಅಕಿ ಎಂದರೆ ಅವನ ಹೆಂಡತಿ ಯಮನಮ್ಮ. ಹಳದಿ ಗೇಟಿನ ಎದುರು, ಲಾರಿಗಳ ಸಾಲಿಗೆ ಚಹಾ, ಮಿರ್ಚಿ ಮಾರುವವಳು. ಸುತ್ತಿಗೆ ಸಿಕ್ಕಿತೆಂದು ಬರೆದಿದ್ದ ನೀರಿನ ಡ್ರಮ್ಮು ಅವಳ ಅಂಗಡಿಯದೇ.

*

ಮಹಜರು ಬರೆದವನ ಹೆಸರು ಪುಟದ ಕೊನೆಯಲ್ಲಿತ್ತು. ಕೆಂಗಲ್ಲು ಠಾಣೆಯ ರೈಟರ್ ವಿರೂಪಾಕ್ಷಪ್ಪ. ಬುಧವಾರ ಬೆಳಿಗ್ಗೆ ವಿಚಾರಿಸಿದಾಗ, ಅವನು ಮೂರು ವಾರದಿಂದ ರಜೆಯ ಮೇಲಿದ್ದಾನೆ, ಸಕ್ಕರೆ ಕಾಯಿಲೆ ಹೆಚ್ಚಾಗಿದೆ, ಮಲಪನಗುಡಿಯ ಮನೆಯಲ್ಲಿದ್ದಾನೆ ಎಂದು ಗೊತ್ತಾಯಿತು.

ಅವಳು ಮಧ್ಯಾಹ್ನದ ಬಸ್ಸಿಗೆ ಹೋದಳು. ಮನೆಯಲ್ಲಿ ಅವನಿರಲಿಲ್ಲ. ಹಳೆಯ ಮೆಟ್ಟಿಲು ಬಾವಿಯ ಕಡೆ ಹೋಗಿದ್ದಾರೆ ಎಂದು ಸೊಸೆ ಹೇಳಿದಳು. ಬಾವಿಯ ಕಟ್ಟೆಯ ಮೇಲೆ, ಕಂಬದ ನೆರಳಿನಲ್ಲಿ ಟವೆಲ್ ಹಾಸಿಕೊಂಡು ಅವನು ಕುಳಿತಿದ್ದ. ಸಮವಸ್ತ್ರವಿಲ್ಲದೆ ಅವನು ಯಾರದೋ ಮನೆಯ ಅಜ್ಜನಂತೆ ಕಂಡ.

"ಬರ್ರಿ ಬಾಯಾರ, ಕುಂದ್ರಿ," ಎಂದ, ಅವಳು ಬರುವುದು ಮೊದಲೇ ಗೊತ್ತಿತ್ತೆಂಬಂತೆ. "ಬೇವಿನ ಗಿಡದ ಕೆಳಗ ಟೈಪ್ ಮಾಡತಿದ್ರಲ್ಲ. ನಿಮ್ಮ ಕಾಗದದಾಗ ಒಂದೂ ತಪ್ಪು ಇರತಿರಲಿಲ್ಲ."

"ನಿಮ್ಮ ಕಾಗದದಾಗ ಒಂದು ಅದ," ಎಂದಳು ಕೃಷ್ಣಾಬಾಯಿ, ಜೆರಾಕ್ಸ್ ಅವನ ಮುಂದಿಟ್ಟು.

ಅವನು ಕನ್ನಡಕ ಹಾಕಿಕೊಳ್ಳಲಿಲ್ಲ. ಬಾವಿಯ ನೀರಿನತ್ತ ನೋಡಿದ.

ಅವಳು ಹೊನ್ನೂರಪ್ಪನ ಕೈಯ ವಿಷಯ ಹೇಳಿದಳು. ಮೂರು ಮಚ್ಚೆಗಳಿದ್ದ ಹಾಳೆಯನ್ನೂ ತೋರಿಸಿದಳು. ಬರುವ ಸೋಮವಾರ ವಾಯಿದೆ ಇದೆಯೆಂದೂ, ಕೇಸು ಬಳ್ಳಾರಿಯ ಸೆಷನ್ಸ್ ಕೋರ್ಟಿಗೆ ಹೋಗುತ್ತದೆಂದೂ, ಈ ಒಂದು ಪುಟ ನಿಂತರೆ ಆ ಮನುಷ್ಯ ಹೊರಗೆ ಬರುವುದು ಮುದುಕನಾದ ಮೇಲೆಯೇ ಎಂದೂ ಹೇಳಿದಳು. ಅವನು ಎಲ್ಲಕ್ಕೂ ತಲೆಯಾಡಿಸಿದ. ವಾದಿಸಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಹೆಬ್ಬೆಟ್ಟು ಒತ್ತಿಸಿದಾಗ ಹಾಳಿ ಖಾಲಿ ಇತ್ತೇನ್ರಿ?"

"ಖಾಲೀನ ಇರತೈತ್ರಿ," ಎಂದ ವಿರೂಪಾಕ್ಷಪ್ಪ. "ಮದ್ಲು ಸಹಿ, ಹೆಬ್ಬೆಟ್ಟು. ಪಂಚರಿಗೆ ಕೆಲಸ ಇರತಾವ, ಅವರನ್ನ ಕಳಿಸಿಬಿಡೋದು. ವಿಷಯ ಸಂಜಿಕ ಕುಂತು ಬರಿಯೋದು. ಮೂವತ್ತೊಂದು ವರ್ಷ ಹಂಗ ಮಾಡೀನಿ. ಒಂದ್ಸಲಾನೂ ಏನೂ ಆಗಿಲ್ಲ."

"ಈ ಸಲ ಯಾರದ್ದು ಒತ್ತಿಸಿದ್ರಿ?"

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಕೆಳಗೆ, ಬಾವಿಯ ಮೆಟ್ಟಿಲಿನಲ್ಲಿ ಒಬ್ಬಳು ಬಟ್ಟೆ ಹಿಂಡುತ್ತಿದ್ದಳು. ಆಕೆ ಬಕೆಟ್ ಎತ್ತಿಕೊಂಡು ಮೇಲೆ ಬಂದು, ಇವರನ್ನು ದಾಟಿ ಹೋಗುವವರೆಗೆ ಅವನು ಮಾತಾಡಲಿಲ್ಲ.

"ಸುತ್ತಿಗಿ ತಂದುಕೊಟ್ಟಾಕಿ ಯಮನಮ್ಮ," ಎಂದ. "ಗಂಡ ಲಾಕಪ್ಪಿನಾಗ ಇದ್ದ. ಅಕಿ ತನ್ನ ಡ್ರಮ್ಮಿನ್ಯಾಗ ಸುತ್ತಿಗಿ ಕಂಡು, ಚೀಲದಾಗ ಸುತ್ತಿಕೊಂಡು ಠಾಣೆಗೆ ನಡಕೋತ ಬಂದ್ಲು. ಇದು ನಮ್ಮದಲ್ಲ, ಯಾರೋ ತಂದು ಹಾಕ್ಯಾರ, ನೋಡ್ರಿ ಅಂದ್ಲು. ಗಂಡನ್ನ ಬಿಡತಾರ ಅಂತ ತಿಳಕೊಂಡಿದ್ಲು ಪಾಪ."

ಕೃಷ್ಣಾಬಾಯಿ ಜೆರಾಕ್ಸಿನ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟಳು.

ಆಮೇಲಿನದನ್ನು ಅವನು ಬೇಗ ಬೇಗ ಹೇಳಿದ. ಖಾಲಿ ಹಾಳೆಯ ಮೇಲೆ ಅವಳ ಹೆಬ್ಬೆಟ್ಟು, ಪಂಚರ ಸಹಿ ತೆಗೆದುಕೊಂಡು ಅವಳನ್ನು ಕಳಿಸಿದ್ದ. ಅರ್ಧ ತಾಸಿನೊಳಗೆ ಪ್ಲಾಟಿನವರ ಕಡೆಯಿಂದ ಠಾಣೆಗೆ ಒಂದು ಫೋನ್ ಬಂತು. ಸಾಹೇಬರು ಎದ್ದು ನಿಂತು ಮಾತಾಡಿದರು. ಫೋನ್ ಇಟ್ಟ ಮೇಲೆ, ಸುತ್ತಿಗೆಯನ್ನು ಹೊನ್ನೂರಪ್ಪನೇ ತೋರಿಸಿದ್ದು ಎಂದು ಬರೆಯಲು ಹೇಳಿದರು. ಪಂಚರನ್ನು ಮತ್ತೆ ಕರೆಸುವುದು ಬೇಡವೆಂದು, ಸಹಿಯಾಗಿದ್ದ ಅದೇ ಹಾಳೆಯಲ್ಲಿ ಬರೆದ. ಹೆಬ್ಬೆಟ್ಟು ಹೆಬ್ಬೆಟ್ಟೇ ಅಲ್ಲವೇ, ಯಾರು ನೋಡುತ್ತಾರೆ ಎಂದುಕೊಂಡ. ಹೊನ್ನೂರಪ್ಪನಿಗೆ ಆ ರಾತ್ರಿಯೇ ತಿಳಿಸಲಾಗಿತ್ತು: ಬಾಯಿ ಬಿಟ್ಟರೆ, ಸುತ್ತಿಗೆ ಬಂದದ್ದು ಹೆಂಡತಿಯ ಕೈಯಿಂದ ಎಂದಾಗುತ್ತದೆ, ಆಗ ಅವಳೇ ಒಳಗೆ.

"ಫೋನ್ ಮಾಡಿದವರು ಯಾರು?"

"ಗೊತ್ತಿಲ್ರಿ. ಪ್ಲಾಟಿನ ಮ್ಯಾನೇಜರ್ ಮಾತಾಡೋದು ನಂಗ ಗೊತ್ತು, ಅವನಲ್ಲ. ಅವನಿಗೆ ಬೈಯಾಕ ಬರತೈತಿ, ಇಷ್ಟ ಬರತೈತಿ. ಇದು ಕಾಯ್ದೆ ತಿಳಿದವರ ಮಾತು. 'ಆರೋಪಿ ತಾನ ತೋರಿಸಿದ ಅಂತ ಬರೀರಿ, ಇಲ್ಲಂದ್ರ ಕೋರ್ಟಿನ್ಯಾಗ ನಿಲ್ಲಂಗಿಲ್ಲ.' ಸಾಹೇಬ್ರು ಅದನ್ನ ಎರಡು ಸಲ ಬಾಯಾಗ ಅಂದ್ಕೊಂಡು ನಂಗ ಹೇಳಿದ್ರು."

ಅವನು ಇದನ್ನು ಕೋರ್ಟಿನಲ್ಲಿ ಹೇಳುತ್ತಾನೆಯೇ ಎಂದು ಅವಳು ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನಾಕು ತಿಂಗಳಿಗೆ ರಿಟೈರ್ ಆಗತೀನ್ರಿ," ಎಂದ ವಿರೂಪಾಕ್ಷಪ್ಪ. "ನಾ ಹೇಳಂಗಿಲ್ಲ. ಆದ್ರ ಮೂಲ ಕಾಗದ ಕೋರ್ಟಿನ ಫೈಲಿನ್ಯಾಗ ಐತಿ. ಅದನ್ನ ಇನ್ನ ಯಾರೂ ಮುಟ್ಟಾಕ ಬರಂಗಿಲ್ಲ. ಅಕಿ ಹೆಬ್ಬೆಟ್ಟಿನ ಜೋಡಿ ಅದನ್ನ ಇಟ್ಟು ನೋಡಿದ್ರ, ಅದು ಹೇಳತೈತಿ." ಎದ್ದು ಟವೆಲ್ ಕೊಡವಿದ. "ನೀವು ಬಂದಿದ್ದಿಲ್ಲ, ನಾ ಮಾತಾಡಿದ್ದಿಲ್ಲ. ಬಸ್ ನಾಕು ಗಂಟೆಗೈತಿ."

*

ಬಸ್ ನಿಲ್ದಾಣದಲ್ಲಿ ನಿಂತು ಅವಳು ವಕೀಲ ಕೊಟ್ರಯ್ಯನಿಗೆ ಫೋನ್ ಮಾಡಿದಳು.

ಬೇರೆ ಯಾರಿಗೆ ಮಾಡಬೇಕು? ಕಾನೂನು ನೆರವಿನ ಪಟ್ಟಿಯಲ್ಲಿದ್ದ ವಕೀಲರಲ್ಲಿ ಕೈದಿಯ ಹೆಸರು ನೆನಪಿಟ್ಟುಕೊಳ್ಳುತ್ತಿದ್ದವನು ಅವನೊಬ್ಬನೇ. ಒಂಬತ್ತು ವರ್ಷದಿಂದ ಅವಳು ತಂದುಕೊಟ್ಟ ಅರ್ಜಿಗಳನ್ನು ಒಂದನ್ನೂ ಮೂಲೆಗೆ ಹಾಕಿರಲಿಲ್ಲ. ಹೊನ್ನೂರಪ್ಪನ ಕೇಸನ್ನಂತೂ ತಾನಾಗಿ ಕೇಳಿ ತೆಗೆದುಕೊಂಡಿದ್ದ.

ಚೀನಾಕ್ಕೆ ಹೋಗುವ ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ಹಾಯುತ್ತಿದ್ದವು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕಿವಿಗೆ ಬೆರಳಿಟ್ಟು, ಅವಳು ಎಲ್ಲವನ್ನೂ ಹೇಳಿದಳು. ವಿರೂಪಾಕ್ಷಪ್ಪನ ಹೆಸರೊಂದನ್ನು ಬಿಟ್ಟು.

ಕೊಟ್ರಯ್ಯ ಪುಟದ ಸಂಖ್ಯೆಯನ್ನು ಇನ್ನೊಮ್ಮೆ ಕೇಳಿದ. ಆಮೇಲೆ ಅವನ ದನಿಯಲ್ಲಿ ಹುರುಪು ಬಂತು. ಶುಕ್ರವಾರ ಯಮನಮ್ಮ ಗಂಡನನ್ನು ನೋಡಲು ಜೈಲಿಗೆ ಬರುತ್ತಾಳಲ್ಲ, ಅಲ್ಲಿಯೇ ಅವಳ ಹೊಸ ಗುರುತು ತೆಗೆದುಕೊಳ್ಳೋಣ, ಎರಡನ್ನೂ ತಜ್ಞರಿಗೆ ಕಳಿಸಬೇಕೆಂದು ಸೋಮವಾರ ಅರ್ಜಿ ಹಾಕೋಣ ಎಂದ. ಶುಕ್ರವಾರ, ಜೈಲಿನಲ್ಲಿಯೇ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಎದೆಯ ಮೇಲಿನ ಕಲ್ಲು ಸರಿದಂತಾಯಿತು.

"ಅಕ್ಕ," ಎಂದ ಕೊಟ್ರಯ್ಯ, ಫೋನ್ ಇಡುವ ಮೊದಲು. "ಮತ್ತ ಯಾರಿಗಾದ್ರೂ ಹೇಳೀರೇನು?"

"ಇಲ್ಲ. ಮನಿಯಾಗೂ ಹೇಳಂಗಿಲ್ಲ."

"ಚಲೋ ಆತು. ನಮ್ಮಿಬ್ಬರಾಗ ಇರ್ಲಿ."

*

ಶುಕ್ರವಾರ ಹತ್ತು ಗಂಟೆಗೆ ಜೈಲಿನ ಗೇಟಿನ ಮುಂದೆ ಸಾಲು ಆಗಲೇ ಬೆಳೆದಿತ್ತು. ಬುತ್ತಿ ಹಿಡಿದ ಮುದುಕಿಯರು, ಕಂಕುಳಲ್ಲಿ ಕೂಸು ಇದ್ದ ಹೆಂಗಸರು. ಯಮನಮ್ಮ ಸಾಲಿನಲ್ಲಿರಲಿಲ್ಲ. ಗೋಡೆಯ ಕೊನೆಯಲ್ಲಿ ಒಬ್ಬಳೇ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಪ್ರತಿ ವಾರ ದೂರದಿಂದಲೇ ಎದ್ದು ಬರುವವಳು ಇವತ್ತು ಏಳಲಿಲ್ಲ.

ಹತ್ತಿರ ಹೋದಾಗ ಅವಳ ಎಡಗೈ ಕಂಡಿತು. ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಹಳದಿ ಮುಲಾಮು ಇಳಿದಿತ್ತು.

"ಏನಾತು ಯಮನಮ್ಮ?"

ಯಮನಮ್ಮ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಅಳು ಇರಲಿಲ್ಲ. ಇದ್ದದ್ದು ಸಂಶಯ, ಮತ್ತು ಅದು ಕೃಷ್ಣಾಬಾಯಿಯ ಮೇಲೆಯೇ ನಿಂತಿತ್ತು.

"ನೀವ ಕಳಿಸಿದ್ರಲ್ರಿ," ಎಂದಳು.

"ಯಾರನ್ನ?"

"ನಿನ್ನೆ ಮಧ್ಯಾಹ್ನ ಇಬ್ಬರು ಜೀಪಿನ್ಯಾಗ ಬಂದ್ರು. ಇಂಕು, ಕಾಗದ ಎಲ್ಲಾ ತಂದಿದ್ರು. ಶುಕ್ರವಾರ ನಿನ್ನ ಹೆಬ್ಬೆಟ್ಟು ತಗೊಳ್ಳೋದು ಇತ್ತಲ್ಲ, ಜೈಲಿನ್ಯಾಗ ಬ್ಯಾಡ, ಇಲ್ಲೇ ತಗೊಂಡು ಬರ್ರಿ ಅಂತ ಅಕ್ಕೋರು ಹೇಳ್ಯಾರ ಅಂದ್ರು. ಗಂಡ ಬಿಡುಗಡಿ ಆಗತಾನ ಅಂದ್ರು." ಅವಳ ದನಿ ಎಲ್ಲೂ ಏರಲಿಲ್ಲ. "ನಿಮ್ಮ ಹೆಸರು ಹೇಳಿದ್ರಲ್ರಿ. ಕೈ ನಾನ ಚಾಚಿದ್ನಿ."

ಮಿರ್ಚಿ ಬೇಯುತ್ತಿದ್ದ ಬಾಣಲೆ ಪಕ್ಕದಲ್ಲೇ ಇತ್ತಂತೆ. ಎಣ್ಣೆ ಕಾದಿತ್ತಂತೆ. ಒಬ್ಬ ಮಣಿಕಟ್ಟು ಹಿಡಿದ, ಇನ್ನೊಬ್ಬ ಭುಜ ಒತ್ತಿದ. ಲಾರಿ ಸಾಲಿನಲ್ಲಿದ್ದವರು ಓಡಿಬರುವಷ್ಟರಲ್ಲಿ ಜೀಪು ಹೊರಟಿತ್ತು. ಬಾಣಲೆ ಕೈಗೆ ಮಗುಚಿತು ಎಂದು ಅವಳು ದವಾಖಾನೆಯಲ್ಲಿ ಬರೆಸಿದ್ದಳು. ಮತ್ತೇನು ಬರೆಸುವುದು?

ಕೃಷ್ಣಾಬಾಯಿ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಳು. ತಾನು ಯಾರನ್ನೂ ಕಳಿಸಿರಲಿಲ್ಲ ಎಂದು ಹೇಳಿದಳು. ಹೇಳಿದ್ದು ತನಗೇ ಹುಸಿಯಾಗಿ ಕೇಳಿಸಿತು. ಅವಳು ಕಳಿಸಿರಲಿಲ್ಲ ನಿಜ. ಆದರೆ ದಾರಿ ತೋರಿಸಿದ್ದು ಅವಳೇ.

ಶುಕ್ರವಾರದ ಮಾತು ವಿರೂಪಾಕ್ಷಪ್ಪನಿಗೆ ಗೊತ್ತಿರಲಿಲ್ಲ. ಅವನ ಜೊತೆ ಮಾತಾಡುವಾಗ ಆ ಯೋಚನೆಯೇ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಬಸ್ ನಿಲ್ದಾಣದಲ್ಲಿ, ಫೋನಿನ ಆಚೆ ಕಡೆಯಲ್ಲಿ. ಜೈಲಿನಲ್ಲಿ ಹೊಸ ಗುರುತು ತೆಗೆದುಕೊಳ್ಳೋಣ ಎಂದವನು ಒಬ್ಬ. ಕೇಳಿಸಿಕೊಂಡವಳು ಒಬ್ಬಳು.

ಕಾಯ್ದೆ ತಿಳಿದವರ ಮಾತು.

ಅವಳು ಫೋನನ್ನು ಚೀಲದ ತಳಕ್ಕೆ ತುರುಕಿದಳು.

"ಯಮನಮ್ಮ, ಏಳವ್ವ, ಹೆಸರು ಬರಸು," ಎಂದು ಹುಸೇನಪ್ಪ ಗೇಟಿನಿಂದ ಕರೆದ. "ಎಡಗೈ ಬ್ಯಾಡ, ಇವತ್ತೊಂದಿನ ಬಲಗೈಲೇ ಒತ್ತು. ನಾ ಬಾಜೂಕ ಬರಕೋತೀನಿ. ಅಯ್ಯೋ, ಎಷ್ಟು ಸುಟ್ಟೈತಿ. ನೋಡಿಕೊಂಡು ಮಾಡಬಾರದೇನವ್ವ."

ಇಬ್ಬರೂ ಹತ್ತಿರ ಹೋದಾಗ ಅವನು ಮೇಜಿನ ಮೇಲೆ ಸಂದರ್ಶಕರ ರಿಜಿಸ್ಟರ್ ತಿರುಗಿಸಿಟ್ಟ. ಒಳಗೆ ಹೋಗುವ ಯಾರೇ ಆಗಲಿ, ಓದು ಬಂದವರು ಸಹಿ, ಬಾರದವರು ಎಡಗೈ ಹೆಬ್ಬೆಟ್ಟು. ಕೃಷ್ಣಾಬಾಯಿ ಆ ದಪ್ಪ ಪುಸ್ತಕದಲ್ಲಿ ವರ್ಷಗಟ್ಟಲೆ ಸಹಿ ಮಾಡಿದ್ದಳು. ಒಂದು ಸಲವೂ ಹಿಂದಿನ ಪುಟ ತಿರುಗಿಸಿರಲಿಲ್ಲ.

ಈಗ ತಿರುಗಿಸಿದಳು.

ಕಳೆದ ಶುಕ್ರವಾರ. ಹೊನ್ನೂರಪ್ಪನ ಹೆಂಡತಿ ಯಮನಮ್ಮ. ಪಕ್ಕದಲ್ಲಿ ನೀಲಿ ಮಸಿಯ ಸಣ್ಣ ಮೊಟ್ಟೆಯಂಥ ಗುರುತು. ಅದರೊಳಗೆ ಒತ್ತೊತ್ತಾದ ಗೆರೆಗಳು. ಅದರ ಹಿಂದಿನ ಶುಕ್ರವಾರ. ಅದರ ಹಿಂದಿನದು. ಹನ್ನೊಂದು ವಾರ, ಒಂದನ್ನೂ ತಪ್ಪಿಸದೆ, ಪ್ರತಿ ಪುಟದ ಕೆಳಗೆ ಜೈಲಿನ ಮೊಹರು, ಜೈಲರ್ ಸಹಿ.

ಅವಳ ಕೈಯನ್ನು ಬಾಣಲೆಗೆ ಅದ್ದಿದವರು ಇದನ್ನು ಮರೆತಿದ್ದರು. ಅವರಿಗೆ ಹೆಬ್ಬೆಟ್ಟು ಬೆರಳಿನಲ್ಲಿ ಮಾತ್ರ ಇತ್ತು.

ಕೃಷ್ಣಾಬಾಯಿ ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ. ಜೈಲರ್ ಇನ್ನೂ ಬಂದಿಲ್ಲವೇ ಎಂದು ಹುಸೇನಪ್ಪನನ್ನು ಕೇಳಿದಳು. ಬಳ್ಳಾರಿಗೆ ಮೀಟಿಂಗಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದ. ರಿಜಿಸ್ಟರ್ ಅಲ್ಲಿಯವರೆಗೆ ಎಲ್ಲಿರುತ್ತದೆ ಎಂದಳು. ಎಲ್ಲಿರುತ್ತದೆ, ಇಲ್ಲೇ ಮೇಜಿನ ಮೇಲೆ ಎಂದು ಅವನು ನಕ್ಕ.

ಹೊರಗೆ ಸ್ಕೂಟರ್ ನಿಂತಿತು.

ಕೊಟ್ರಯ್ಯ ಕಪ್ಪು ಕೋಟನ್ನು ತೋಳಿಗೆ ಹಾಕಿಕೊಂಡು, ಹಣೆಯ ವಿಭೂತಿಯ ಮೇಲಿಂದ ಬೆವರು ಒರೆಸಿಕೊಳ್ಳುತ್ತ ಗೇಟಿನೊಳಗೆ ಬಂದ. ಎಂದಿನ ನಗು. ಸಾಲಿನಲ್ಲಿದ್ದ ಮುದುಕಿಯೊಬ್ಬಳಿಗೆ ಅವಳ ಮಗನ ವಾಯಿದೆಯ ದಿನ ತಾನಾಗಿ ಹೇಳಿದ. ಹುಸೇನಪ್ಪನ ಬೆನ್ನು ತಟ್ಟಿದ. ಮೇಜಿನ ಈ ಕಡೆ ಯಮನಮ್ಮ ನಿಂತಿದ್ದಳು, ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು. ಹುಸೇನಪ್ಪ ಆ ಕೈ ಏನಾಯಿತೆಂದು ಕೇಳಿದ್ದ. ಸಾಲಿನಲ್ಲಿದ್ದ ಅಪರಿಚಿತರೂ ಕೇಳಿದ್ದರು.

ಕೊಟ್ರಯ್ಯ ಕೇಳಲಿಲ್ಲ.

ಅವನ ಕಣ್ಣು ತೆರೆದ ಪುಟದ ಮೇಲೆ ಬಿತ್ತು. ಅಲ್ಲಿಂದ ಕೃಷ್ಣಾಬಾಯಿಯ ಬೆರಳಿಗೆ, ಬೆರಳು ನಿಂತಿದ್ದ ನೀಲಿ ಗುರುತಿಗೆ ಬಂತು. ನಗು ಹಾಗೆಯೇ ಇತ್ತು.

"ಭಾಳ ಹಿಂದಿನ ಪುಟ ನೋಡಾಕತ್ತೀರಲ್ಲಕ್ಕ," ಎಂದ.

"ತಾರೀಖು ನೋಡಾಕತ್ತಿದ್ದೆ," ಎಂದಳು.

"ಆತಲ್ಲ. ಕೊಡ್ರಿ ಇಲ್ಲಿ, ನಾನೂ ಸಹಿ ಮಾಡತೀನಿ."

ಅವನು ಕೈ ಚಾಚಿದ. ಹುಸೇನಪ್ಪ ಪೆನ್ನಿನ ಕ್ಯಾಪ್ ತೆಗೆದು ವಕೀಲರಿಗೆ ಕೊಟ್ಟ. ಒಂಬತ್ತು ವರ್ಷದ ರೂಢಿಗೆ ಕೃಷ್ಣಾಬಾಯಿಯ ಕೈಗಳು ಆಗಲೇ ರಿಜಿಸ್ಟರನ್ನು ಮೇಜಿನಿಂದ ಎತ್ತಿ, ಅವನ ಕಡೆಗೆ ಅರ್ಧ ತಿರುಗಿಸಿಬಿಟ್ಟಿದ್ದವು. ಅಲ್ಲಿಯೇ ನಿಂತವು. ಪುಸ್ತಕದ ಒಂದು ಅಂಚು ಅವಳ ಹಿಡಿತದಲ್ಲಿತ್ತು. ಇನ್ನೊಂದು ಅಂಚನ್ನು ಕೊಟ್ರಯ್ಯ ಹಿಡಿದು, ಮೆಲ್ಲಗೆ, ಯಾರಿಗೂ ಕಾಣದಂತೆ, ತನ್ನ ಕಡೆಗೆ ಎಳೆದ.